ಖಾನೇಷುಮಾರಿಗೆ ಸಿಗದ ಕಾಯಿಲೆ

ಮೈಸೂರು ಸೀಮೆಯ ಹಳೆಯ ಸರ್ಕಾರಿ ಕಡತಗಳಲ್ಲಿ ‘ಖಾನೇಷುಮಾರಿ’ ಎಂಬ ಮಾತೊಂದು ಬರುತ್ತದೆ. ಖಾನಾ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಪಾರಸಿಯಿಂದ ಬಂದು ಶಾನುಭೋಗರ ಲೇಖನಿಗೆ ಒಗ್ಗಿಹೋಗಿದ್ದ ಈ ಪದವನ್ನು ಆಮೇಲೆ ಬಂದ ‘ಜನಗಣತಿ’ ಬದಿಗೆ ಸರಿಸಿತು. ಉರ್ದು ಶಾಲೆಯ ಬೆಂಚಿನಲ್ಲೂ ಕನ್ನಡ ಶಾಲೆಯ ಬೆಂಚಿನಲ್ಲೂ ಕೂತು ಬಂದ ನಮಗೆ ಇಂಥ ಪದಗಳು ಎದುರಾದಾಗ ಎರಡೂ ಮನೆಗಳ ನೆಂಟರು ಒಂದೇ ಪಡಸಾಲೆಯಲ್ಲಿ ಸಿಕ್ಕಂತಾಗುತ್ತದೆ. ದಫ್ತರ, ಜಮಾಬಂದಿ, ತಾಲ್ಲೂಕು ಎಲ್ಲವೂ ಅದೇ ದಾರಿಯಲ್ಲಿ ಬಂದವು. ಆದರೆ ಪದದ ಚೆಲುವನ್ನು ಹೊಗಳಲು ನಾವು ಇದನ್ನು ನೆನಪಿಸಿಕೊಳ್ಳುತ್ತಿಲ್ಲ. ಮನೆಗಳನ್ನು ಯಾಕೆ ಎಣಿಸುತ್ತಿದ್ದರು? ಕಂದಾಯಕ್ಕಾಗಿ, ದಂಡಿಗೆ ಜನ ಸೇರಿಸುವುದಕ್ಕಾಗಿ. ಆ ಮನೆಯೊಳಗೆ ಯಾರು ಕಾಯಿಲೆ ಬಿದ್ದಿದ್ದಾರೆ, ಏನು ಕಾಯಿಲೆ, ಎಷ್ಟು ದಿನದಿಂದ ಎಂದು ಕೇಳಿ ಬರೆದಿಟ್ಟುಕೊಳ್ಳುವ ಅಭ್ಯಾಸ ಆಳುವವರಿಗೆ ಬಹಳ ತಡವಾಗಿ ಬಂತು. ಆ ಅಭ್ಯಾಸದ ಚರಿತ್ರೆಯಲ್ಲಿ ನಮ್ಮ ಮಂಡ್ಯಕ್ಕೂ ಒಂದು ಪುಟವಿದೆ.

ಮಂಡ್ಯ ಇನ್ನೂ ಜಿಲ್ಲೆಯಾಗಿರಲಿಲ್ಲ, ಅದು ಆದದ್ದು 1939ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, 1929ರಲ್ಲಿ, ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಷನ್ನಿನ ನೆರವು ಪಡೆದು ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ಸ್ಥಾಪಿಸಿತು. ಕಾಯಿಲೆಯವನು ಆಸ್ಪತ್ರೆಯ ಬಾಗಿಲಿಗೆ ಬರುವವರೆಗೆ ಕಾಯುವ ಬದಲು ಆರೋಗ್ಯದ ಸಿಬ್ಬಂದಿಯೇ ಊರೂರಿಗೆ ಹೋಗಬೇಕು ಎಂಬುದು ಇಂಥ ಘಟಕಗಳ ಹಿಂದಿದ್ದ ವಿಚಾರ. ಹುಟ್ಟು ಸಾವುಗಳನ್ನು ಸರಿಯಾಗಿ ಬರೆದಿಡುವುದು, ಬಾಣಂತಿ ಮತ್ತು ಮಗುವಿನ ಆರೈಕೆ, ಸಿಡುಬಿನ ಹಾಕು, ನೀರು ಮತ್ತು ಚರಂಡಿಯ ನೈರ್ಮಲ್ಯ ಇವೆಲ್ಲ ಅದರೊಳಗೆ ಸೇರಿದ್ದವು. ಆ ಹೊತ್ತಿಗೇ ಕನ್ನಂಬಾಡಿಯ ಕಟ್ಟೆ ಏಳುತ್ತಿತ್ತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಮದ್ದೂರಿನ ಹೊಲಗಳಿಗೆ ನೀರು ತಂದಿತು. ನೀರಿನೊಡನೆ ಭತ್ತ ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು. ಜೊತೆಗೆ ಮಲೇರಿಯವೂ ಬಂತು. ಬಂದದ್ದು ಮಲೇರಿಯವೇ ಎಂದು ಹೇಳಲು ಯಾರೋ ಊರಿಂದೂರಿಗೆ ತಿರುಗಿ ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ನೋಡಬೇಕಾಯಿತು, ರಕ್ತ ಪರೀಕ್ಷಿಸಬೇಕಾಯಿತು, ಬರೆದಿಡಬೇಕಾಯಿತು.

ಅರ್ಧ ಶತಮಾನ ಕಳೆದ ಮೇಲೆ, 1983ರಲ್ಲಿ, ಅದೇ ಭತ್ತದ ಗದ್ದೆಗಳ ಜಿಲ್ಲೆಗೆ ಮಿದುಳು ಜ್ವರ ಎರಗಿತು. ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಆ ಕಾಯಿಲೆಯನ್ನು ಹರಡುವುದು ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಜಾತಿಯ ಸೊಳ್ಳೆ. ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಮಂಡ್ಯ ಜಿಲ್ಲೆಯಲ್ಲಿ ಸೊಳ್ಳೆಗಳನ್ನು ಹಿಡಿದು ಪರೀಕ್ಷಿಸಿ ಬರೆದ ವರದಿಗಳು ಈಗಲೂ ಆ ಕಾಯಿಲೆಯ ಅಧ್ಯಯನದಲ್ಲಿ ಉಲ್ಲೇಖಗೊಳ್ಳುತ್ತವೆ.

ಮಲೇರಿಯ ಮತ್ತು ಮಿದುಳು ಜ್ವರಗಳಲ್ಲಿ ಒಂದು ಸಮಾನ ಗುಣವಿದೆ. ಅವು ಗುಂಪಾಗಿ ಬರುತ್ತವೆ. ಒಂದೇ ಋತುವಿನಲ್ಲಿ, ಒಂದೇ ಕೇರಿಯಲ್ಲಿ ನಾಲ್ಕಾರು ಮಕ್ಕಳು ಮಲಗಿದರೆ ಊರಿಗೆ ಊರೇ ಬೆದರುತ್ತದೆ, ಪತ್ರಿಕೆಯವರು ಬರುತ್ತಾರೆ, ಸರ್ಕಾರ ಏಳುತ್ತದೆ. ಆದರೆ ಗುಂಪಾಗಿ ಬಾರದ ಕಾಯಿಲೆಗಳ ಗತಿಯೇನು? ಮದ್ದೂರಿನಲ್ಲಿ ಒಬ್ಬಳಿಗೆ ಈ ವರ್ಷ, ಹಲಗೂರಿನಲ್ಲಿ ಇನ್ನೊಬ್ಬನಿಗೆ ಮೂರು ವರ್ಷ ಬಿಟ್ಟು ಬರುವ ಕಾಯಿಲೆಯನ್ನು ಯಾರು ಕಾಣಬೇಕು?

ಮಲ್ಟಿಪಲ್ ಸ್ಕ್ಲೆರೋಸಿಸ್ ಅಂಥ ಒಂದು ಕಾಯಿಲೆ. ವೈದ್ಯರು ಇದನ್ನು ಎಂ.ಎಸ್. ಎಂದು ಕರೆಯುತ್ತಾರೆ. ಪ್ಯಾರಿಸ್ಸಿನ ವೈದ್ಯ ಶಾರ್ಕೊ 1868ರಲ್ಲಿ ಇದರ ಲಕ್ಷಣಗಳನ್ನು ಕೂಡಿಸಿ ಇದೊಂದು ಬೇರೆಯೇ ಕಾಯಿಲೆ ಎಂದು ತೋರಿಸಿದ. ನಮ್ಮ ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಇರುವ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ ತಂತಿಯ ಮೇಲೆ ವಿದ್ಯುತ್ ಕಳಿಸಿದ ಮಳವಳ್ಳಿ ತಾಲ್ಲೂಕಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ಮನೆಯ ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇದ್ದಂತೆ ಅದು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪು ತಿಳಿದು ಆ ಹೊದಿಕೆಯನ್ನು ಅಲ್ಲಲ್ಲಿ ಕಡಿದು ಹಾಕುತ್ತದೆ. ಎಲ್ಲಿ ಕಡಿಯಿತೋ ಅದಕ್ಕೆ ತಕ್ಕಂತೆ ತೊಂದರೆ. ಒಂದು ಕಣ್ಣು ನೋಯುತ್ತ ಮಂಜಾಗಬಹುದು, ಕಾಲಿಗೆ ಜೋಮು ಹಿಡಿಯಬಹುದು, ನಡೆಯುವಾಗ ತೂರಾಡಬಹುದು, ಮೂತ್ರ ತಡೆಯಲಾಗದೆ ಹೋಗಬಹುದು. ಬಿಸಿಲಿಗೆ ಹೋದರೆ, ಬಿಸಿನೀರು ಮಿಂದರೆ ಕೆಲವರಿಗೆ ಹೆಚ್ಚಾಗುತ್ತದೆ. ಬಹಳ ಜನರಲ್ಲಿ ಮೊದಮೊದಲು ಕೆಲವು ವಾರ ಕಾಡಿ ತಾನಾಗಿ ಇಳಿಯುತ್ತದೆ. ತಿಂಗಳೋ ವರ್ಷವೋ ಬಿಟ್ಟು ಬೇರೊಂದು ರೂಪದಲ್ಲಿ ಮರಳುತ್ತದೆ. ಹೆಚ್ಚಾಗಿ 20ರಿಂದ 40ರ ಪ್ರಾಯದವರಿಗೆ, ಅದರಲ್ಲೂ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು.

ಈ ಬಂದುಹೋಗುವ ಗುಣವೇ ಅದನ್ನು ಲೆಕ್ಕದಿಂದ ತಪ್ಪಿಸುತ್ತದೆ. ಮದ್ದೂರಿನ ಪರಿಚಯದ ಮನೆಯೊಂದರಲ್ಲಿ ನಾವು ಒಂದು ಪ್ಲಾಸ್ಟಿಕ್ ಕವರನ್ನು ನೋಡಿದ್ದೇವೆ. ಜವಳಿ ಅಂಗಡಿಯ ಆ ಕವರಿನೊಳಗೆ ಹನ್ನೊಂದು ವರ್ಷದ ಚೀಟಿಗಳಿದ್ದವು. ಮೊದಲನೆಯದು ಕಣ್ಣಿನ ಡಾಕ್ಟರದ್ದು. ಎರಡು ವರ್ಷ ಬಿಟ್ಟು ಮೂಳೆ ಡಾಕ್ಟರದ್ದು. ಆಮೇಲೆ ‘ನರದ ವೀಕ್ನೆಸ್ಸು’ ಎಂದು ಬರೆದುಕೊಟ್ಟ ವಿಟಮಿನ್ ಸೂಜಿಗಳ ಲೆಕ್ಕ. ನಡುವೆ ಮಡಚಿಟ್ಟ ಒಂದು ತಾಯಿತದ ಕಾಗದ. ಮದುವೆಯಾಗಿ ಒಂದು ಮಗುವಾದ ಮೇಲೆ ಕಾಲು ಎಳೆಯತೊಡಗಿದ ಹುಡುಗಿಯನ್ನು ಗಂಡನ ಮನೆಯವರು ತವರಿಗೆ ತಂದು ಬಿಟ್ಟಿದ್ದರು. ‘ಅಸರ್ ಆಗಿದೆ ಅಂದರು, ಲಕ್ವ ಅಂದರು, ನಾಟಕ ಅಂತಲೂ ಅಂದರು ಭಾಯ್‌ಸಾಬ್. ಕಾಯಿಲೆಗೆ ಇಂಥ ಹೆಸರು ಅಂತ ಯಾರೂ ಅನ್ನಲಿಲ್ಲ’ ಎಂದರು ತಾಯಿ. ಹೆಸರು ಸಿಕ್ಕಿದ್ದು ಹನ್ನೊಂದನೆಯ ವರ್ಷ, ಬೆಂಗಳೂರಿನಲ್ಲಿ ಎಂಆರ್‌ಐ ಆದಾಗ. ಆ ಎಲ್ಲ ಚೀಟಿಗಳನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡಿದ ಮೊದಲ ವೈದ್ಯರು ಅವರೇ. ಕಣ್ಣಿನ ಚೀಟಿಗೂ ಕಾಲಿನ ಚೀಟಿಗೂ ಸಂಬಂಧವಿದೆ ಎಂದು ಅಲ್ಲಿಯವರೆಗೆ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅವು ಯಾವತ್ತೂ ಒಂದು ಕಡೆ ಇರಲಿಲ್ಲ.

ರೋಗಿಗಳ ದಫ್ತರ ಎಂದರೆ ಮೂಲತಃ ಇಷ್ಟೇ. ಚೀಟಿಗಳನ್ನು ಒಂದು ಕಡೆ ಇಡುವುದು. ಒಬ್ಬಳ ಚೀಟಿಗಳನ್ನು ಮಾತ್ರವಲ್ಲ, ದೇಶದ ಎಲ್ಲರ ಚೀಟಿಗಳನ್ನು.

ಇದನ್ನು ಮೊದಲು ಮಾಡಿ ತೋರಿಸಿದ್ದು ಡೆನ್ಮಾರ್ಕ್ ಎಂಬ ಪುಟ್ಟ ದೇಶ. 1949ರಲ್ಲಿ ಕೈ ಹೂಲೆಸ್ಟೆಡ್ ಎಂಬ ವೈದ್ಯರು ಇಡೀ ದೇಶದಲ್ಲಿ ಎಂ.ಎಸ್. ರೋಗಿಗಳ ಸಮೀಕ್ಷೆ ಆರಂಭಿಸಿದರು. ಅದೇ ಮುಂದುವರಿದು 1956ರಲ್ಲಿ ಶಾಶ್ವತ ರಾಷ್ಟ್ರೀಯ ನೋಂದಣಿಯಾಯಿತು. 1968ರಲ್ಲಿ ಆ ದೇಶ ಪ್ರತಿ ಪ್ರಜೆಗೂ ಒಂದು ಸಂಖ್ಯೆ ಕೊಟ್ಟಿತು. ಆಮೇಲೆ ಒಂದು ದಫ್ತರದ ಹೆಸರನ್ನು ಇನ್ನೊಂದು ದಫ್ತರದ ಹೆಸರಿನೊಡನೆ ಹೊಂದಿಸುವುದು ಸುಲಭವಾಯಿತು. ಹೀಗೆ ತಲೆಮಾರುಗಳ ಕಾಲ ಸುಮ್ಮನೆ ಬರೆದಿಟ್ಟದ್ದು ಕೊನೆಗೆ ಮಾತಾಡಿತು. ಡೆನ್ಮಾರ್ಕಿನ ಹೆಂಗಸರಲ್ಲಿ ಈ ಕಾಯಿಲೆ ಅರ್ಧ ಶತಮಾನದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಗಿದೆ, ಗಂಡಸರಲ್ಲಿ ಅಷ್ಟು ಏರಿಲ್ಲ ಎಂದು ಗೊತ್ತಾಯಿತು. ಹುಟ್ಟುಗುಣವೊಂದೇ ಕಾರಣವಾಗಿದ್ದರೆ ಐವತ್ತು ವರ್ಷದಲ್ಲಿ ಇಷ್ಟು ಬದಲಾಗುವುದಿಲ್ಲ. ಹಾಗಾದರೆ ಬದುಕುವ ರೀತಿಯಲ್ಲಿ, ಸುತ್ತಲಿನ ಪರಿಸರದಲ್ಲಿ ಏನೋ ಬದಲಾಗಿದೆ ಎಂದಾಯಿತು.

ಅದೇ ಹೂಲೆಸ್ಟೆಡ್ ಅಮೆರಿಕದ ಜಾನ್ ಕರ್ಟ್‌ಜ್ಕೆ ಜೊತೆಗೂಡಿ ಫೆರೋ ದ್ವೀಪಗಳ ಕತೆಯನ್ನು 1979ರಲ್ಲಿ ಪ್ರಕಟಿಸಿದರು. ಎರಡನೆಯ ಮಹಾಯುದ್ಧದಲ್ಲಿ, 1940ರಿಂದ 1945ರವರೆಗೆ, ಬ್ರಿಟಿಷ್ ಸೈನಿಕರು ಆ ದ್ವೀಪಗಳಲ್ಲಿ ಬೀಡುಬಿಟ್ಟಿದ್ದರು. ದ್ವೀಪವಾಸಿಗಳಲ್ಲಿ ಎಂ.ಎಸ್. ಕಾಣಿಸಿಕೊಂಡದ್ದು 1943ರಿಂದೀಚೆಗೆ ಎಂದು ಇವರು ಲೆಕ್ಕ ತೋರಿಸಿ, ಸೈನಿಕರ ಜೊತೆ ಯಾವುದೋ ಸೋಂಕು ಬಂದಿರಬೇಕೆಂದು ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ಮೊದಲೂ ಇದ್ದಿರಬಹುದು, ನೋಡಿದವರಿರಲಿಲ್ಲ ಎಂದರು ಕೆಲವರು. ಇದು ಒಳ್ಳೆಯ ಆಕ್ಷೇಪಣೆ. ಹಿಂದಿನ ದಫ್ತರ ಇಲ್ಲದಿದ್ದರೆ ‘ಮೊದಲು ಇರಲಿಲ್ಲ’ ಎಂದು ಯಾರೂ ಖಚಿತವಾಗಿ ಹೇಳಲಾರರು.

ಆದರೂ ಸೋಂಕಿನ ಸುಳಿವು ಸುಳ್ಳಾಗಲಿಲ್ಲ. ಎಪ್‌ಸ್ಟೈನ್ ಬಾರ್ ಎಂಬ ವೈರಸ್ ಬಹುತೇಕ ಎಲ್ಲ ಮನುಷ್ಯರಿಗೂ ಒಮ್ಮೆ ತಗಲುತ್ತದೆ. ಹರೆಯದಲ್ಲಿ ತಗಲಿದರೆ ಕೆಲವರಿಗೆ ಗಂಟಲು ನೋವು, ಜ್ವರ, ಕುತ್ತಿಗೆಯ ಗಂಟುಗಳ ಊತ ಬರುತ್ತದೆ. ಆ ಜ್ವರ ಬಂದಿದ್ದ 25,000ಕ್ಕೂ ಹೆಚ್ಚು ಡೇನಿಷ್ ಜನರ ಹೆಸರುಗಳನ್ನು ಎಂ.ಎಸ್. ದಫ್ತರದೊಡನೆ ತಾಳೆ ನೋಡಿದಾಗ ಅವರಲ್ಲಿ ಎಂ.ಎಸ್. ಎರಡು ಪಟ್ಟಿಗೂ ಮೀರಿ ಇರುವುದು 2007ರಲ್ಲಿ ಪ್ರಕಟವಾಯಿತು. 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಮತ್ತು ಕಾಪಿಟ್ಟ ರಕ್ತದ ಮಾದರಿಗಳನ್ನು ಆಧರಿಸಿ ಇನ್ನೂ ಗಟ್ಟಿಯಾದ ಸಾಕ್ಷ್ಯ ತಂದರು. ಸೇವೆಯ ನಡುವೆ ಎಂ.ಎಸ್. ಬಂದ 955 ಮಂದಿ ಸಿಕ್ಕಿದ್ದರು. ವೈರಸ್ ತಗಲಿದ ಮೇಲೆ ಕಾಯಿಲೆಯ ಸಂಭವ 32 ಪಟ್ಟು ಏರುತ್ತದೆ ಎಂದು ಕಂಡಿತು. ವೈರಸ್ ತಗಲಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ಬೇರೆ ಕಾರಣಗಳೂ ಕೂಡಬೇಕು. ಆದರೆ ನೂರೈವತ್ತು ವರ್ಷದ ಒಗಟಿನ ಒಂದು ಗಂಟು ಬಿಚ್ಚಿದ್ದು ಬರೆದಿಟ್ಟ ಹೆಸರುಗಳಿಂದ.

ಇನ್ನು ನಮ್ಮ ದೇಶಕ್ಕೆ ಬರೋಣ. ಎಂ.ಎಸ್. ಚಳಿ ದೇಶದ ಬಿಳಿಯರ ಕಾಯಿಲೆ, ನಮ್ಮಲ್ಲಿ ಅಪರೂಪ ಎಂಬ ಮಾತು ಬಹಳ ಕಾಲ ನಡೆಯಿತು. ಅದರಲ್ಲಿ ಸ್ವಲ್ಪ ಸತ್ಯವಿದೆ. ಡೆನ್ಮಾರ್ಕಿನಲ್ಲಿ ಲಕ್ಷ ಜನರಿಗೆ 200ಕ್ಕಿಂತ ಹೆಚ್ಚು ರೋಗಿಗಳಿದ್ದಾರೆ, ನಮ್ಮಲ್ಲಿ ಅಷ್ಟಿಲ್ಲ. ಆದರೆ ‘ಅಪರೂಪ’ ಎಂಬ ಮಾತನ್ನು ಎಣಿಸಿ ಹೇಳಿದ್ದರೇ? ಸರಿಯಾಗಿ ಎಣಿಸಿದ ಮೊದಲಿಗರಲ್ಲಿ ಮುಂಬೈಯ ವೈದ್ಯರಿದ್ದರು, ಎಣಿಸಿದ್ದು ಪಾರ್ಸಿಗಳನ್ನು. 1990ರ ಸುಮಾರಿಗೆ ನೋಶಿರ್ ವಾಡಿಯಾ ಮೊದಲಾದವರು ಪ್ರಕಟಿಸಿದ ಅಧ್ಯಯನಗಳಲ್ಲಿ ಪಾರ್ಸಿಗಳ ಪೈಕಿ ಲಕ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ಕಂಡುಬಂದರು. ಪಾರ್ಸಿಗಳನ್ನೇ ಯಾಕೆ ಎಣಿಸಲಾಯಿತು? ಅವರು ಚಿಕ್ಕ ಸಮುದಾಯ, ಒಟ್ಟು ಎಷ್ಟು ಮಂದಿ ಎಂಬುದು ಗೊತ್ತಿತ್ತು, ಅವರದೇ ಆಸ್ಪತ್ರೆ ಮತ್ತು ಸಂಸ್ಥೆಗಳಿದ್ದವು. ರೋಗಿಗಳ ಸಂಖ್ಯೆಯಷ್ಟೇ ಸಾಲದು, ಎಷ್ಟು ಜನರಲ್ಲಿ ಅಷ್ಟು ರೋಗಿಗಳು ಎಂಬುದೂ ತಿಳಿದರೆ ಮಾತ್ರ ಲೆಕ್ಕ ಪೂರ್ತಿಯಾಗುತ್ತದೆ. ನಮ್ಮ ಜಮಾಅತ್‌ಗಳಲ್ಲೂ ನಿಕಾಹಿನ ದಫ್ತರವಿದೆ, ಚಂದಾದ ಪಟ್ಟಿಯಿದೆ. ಮೊಹಲ್ಲಾದಲ್ಲಿ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿದರೆ ಮುತವಲ್ಲಿ ಬಾಯಲ್ಲೇ ಹೇಳಬಲ್ಲರು. ಆದರೆ ಅದು ಎಲ್ಲಿಯೂ ಬರಹಕ್ಕೆ ಇಳಿದಿಲ್ಲ.

ಕರ್ನಾಟಕದಲ್ಲಿ ನರರೋಗಗಳನ್ನು ಮನೆ ಮನೆಗೆ ಹೋಗಿ ಎಣಿಸಿದ ಕೀರ್ತಿ ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಅವರ ಸಂಗಡಿಗರದು. 1980ರ ದಶಕದಲ್ಲಿ ಗೌರಿಬಿದನೂರಿನ ಹಳ್ಳಿಗಳಲ್ಲಿ, ಆಮೇಲೆ 1993ರಿಂದ 1995ರವರೆಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಅವರು ಸಮೀಕ್ಷೆ ನಡೆಸಿದರು. ಎರಡನೆಯದರಲ್ಲಿ 1,02,557 ಜನರನ್ನು ನೋಡಲಾಯಿತು. ಫಲಿತಾಂಶ ತಲೆ ತಗ್ಗಿಸುವಂತಿತ್ತು: ನಗರದಲ್ಲಿ ಲಕ್ಷಕ್ಕೆ 2,190 ಜನರಿಗೆ ನರಸಂಬಂಧಿ ಕಾಯಿಲೆಗಳಿದ್ದರೆ ಹಳ್ಳಿಗಳಲ್ಲಿ 4,070 ಜನರಿಗೆ ಇದ್ದವು. ಹಳ್ಳಿಯಲ್ಲಿ ಕಾಯಿಲೆ ದುಪ್ಪಟ್ಟು, ನರರೋಗ ತಜ್ಞರು ಮಾತ್ರ ನಗರದಲ್ಲಿ. ಆದರೆ ಒಂದು ಲಕ್ಷ ಜನರಲ್ಲಿ ತಲೆನೋವು, ಮೂರ್ಛೆರೋಗಗಳ ಲೆಕ್ಕ ಚೆನ್ನಾಗಿ ಸಿಗುತ್ತದೆ; ಎಂ.ಎಸ್. ನಂಥ ವಿರಳ ಕಾಯಿಲೆ ಬಲೆಗೆ ಬೀಳುವುದಿಲ್ಲ. ಅದಕ್ಕೆ ಒಮ್ಮೆ ಎಣಿಸಿ ಮುಗಿಸುವ ಸಮೀಕ್ಷೆ ಸಾಲದು, ಪ್ರತಿ ವರ್ಷ ತುಂಬುತ್ತ ಹೋಗುವ ದಫ್ತರವೇ ಬೇಕು.

ಆ ದಫ್ತರವನ್ನು ಕನ್ನಡ ನಾಡಿನಲ್ಲಿ ತೆರೆದದ್ದು ಮಂಗಳೂರು. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಡಾ. ಲೇಖಾ ಪಂಡಿತ್ ಅವರು ಕಟ್ಟಿದ ಮಂಗಳೂರು ಡಿಮೈಲಿನೇಟಿಂಗ್ ಡಿಸೀಸ್ ರಿಜಿಸ್ಟ್ರಿ ಎಂಬುದು ಎಂ.ಎಸ್. ಮತ್ತು ಅದರ ಸೋದರ ಕಾಯಿಲೆಗಳ ನೋಂದಣಿ. ಅದರ ಆಧಾರದಿಂದ 2014ರಲ್ಲಿ ಪ್ರಕಟವಾದ ಲೇಖನದ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು 8 ಜನರಿಗೆ ಎಂ.ಎಸ್. ಇತ್ತು. ಎರಡರಿಂದ ಮೂರು ಜನರಿಗೆ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಕಾಯಿಲೆ ಇತ್ತು. ಎರಡೂ ಹೊರನೋಟಕ್ಕೆ ಅವಳಿಗಳು: ಎರಡರಲ್ಲೂ ಕಣ್ಣು ಹೋಗುತ್ತದೆ, ಕಾಲು ಹೋಗುತ್ತದೆ. ಆದರೆ 2004ರಲ್ಲಿ ಎರಡನೆಯದಕ್ಕೆ ಕಾರಣವಾದ ಪ್ರತಿಕಾಯವೊಂದು ರಕ್ತದಲ್ಲಿ ಪತ್ತೆಯಾದ ಮೇಲೆ ಇವು ಬೇರೆ ಬೇರೆ ಎಂದು ಖಚಿತವಾಯಿತು. ಇದು ಪಂಡಿತರ ಜಗಳವಲ್ಲ. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಸೂಜಿ ಇನ್ನೊಂದಕ್ಕೆ ಕೊಟ್ಟರೆ ಕಾಯಿಲೆ ಉಲ್ಬಣಿಸಬಹುದು. ಅದೇ ಹೊತ್ತಿಗೆ ಆ ಇನ್ನೊಂದನ್ನು ಹತೋಟಿಯಲ್ಲಿಡಲು ಅಜಥಿಯೋಪ್ರಿನ್‌ನಂಥ ಕಡಿಮೆ ಬೆಲೆಯ ಗುಳಿಗೆಗಳು ಬಳಕೆಯಲ್ಲಿವೆ. ಹೆಸರು ತಪ್ಪಿದರೆ ಹಣವೂ ಹೋಯಿತು, ಕಣ್ಣೂ ಹೋಯಿತು. ನಮ್ಮ ನಾಡಿನಲ್ಲಿ ಯಾವುದು ಎಷ್ಟಿದೆ ಎಂದು ಹೊರದೇಶದ ಪುಸ್ತಕ ಹೇಳಲಾರದು, ನಮ್ಮದೇ ದಫ್ತರ ಹೇಳಬೇಕು.

ದೇಶದ ಮಟ್ಟದಲ್ಲಿ ಈ ಕೆಲಸ ಕೈಗೂಡಿದ್ದು 2021ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ, ದೆಹಲಿಯ ಏಮ್ಸ್ ಅನ್ನು ಕೇಂದ್ರವಾಗಿಟ್ಟುಕೊಂಡು, ಎಂ.ಎಸ್. ಮತ್ತು ಸಂಬಂಧಪಟ್ಟ ಕಾಯಿಲೆಗಳ ರಾಷ್ಟ್ರೀಯ ನೋಂದಣಿ ಜಾಲ ಶುರುವಾಯಿತು. ಡೆನ್ಮಾರ್ಕಿಗಿಂತ 65 ವರ್ಷ ತಡ. ಆದರೂ ಬಂದದ್ದು ಒಳ್ಳೆಯದೇ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನೋಂದಣಿಗಳಲ್ಲಿ ಎರಡು ಬಗೆ. ಆಸ್ಪತ್ರೆಗೆ ಬಂದವರನ್ನು ಬರೆದುಕೊಳ್ಳುವುದು ಒಂದು, ಒಂದು ಪ್ರದೇಶದ ನಿವಾಸಿಗಳಲ್ಲಿ ಯಾರಿಗೆ ಕಾಯಿಲೆ ಬಂದರೂ ಹುಡುಕಿ ಬರೆದುಕೊಳ್ಳುವುದು ಇನ್ನೊಂದು. ಕ್ಯಾನ್ಸರಿನ ವಿಷಯದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಎರಡನೆಯ ಬಗೆಯ ದಫ್ತರ ಇಟ್ಟಿದೆ. ಬೆಂಗಳೂರಿಗರಿಗೆ ಯಾವ ಕ್ಯಾನ್ಸರ್ ಎಷ್ಟು ಬರುತ್ತದೆ ಎಂದು ಇಂದು ಹೇಳಲು ಸಾಧ್ಯವಾಗಿರುವುದು ಅದರಿಂದ. ಎಂ.ಎಸ್.ನ ರಾಷ್ಟ್ರೀಯ ಜಾಲ ದೊಡ್ಡ ಆಸ್ಪತ್ರೆಗಳನ್ನು ನಂಬಿದೆ. ಅಲ್ಲಿಗೆ ತಲುಪಿದವರು ಲೆಕ್ಕಕ್ಕೆ ಸಿಗುತ್ತಾರೆ. ರೈಲು ಹತ್ತದವರು, ಎಂಆರ್‌ಐಗೆ ದುಡ್ಡು ಹೊಂದದವರು, ತವರಿನ ಹಿತ್ತಲ ಕೋಣೆಯಲ್ಲಿ ಉಳಿದವರು ಸಿಗುವುದಿಲ್ಲ.

ಒಂದು ಅಂದಾಜು ಮಾಡೋಣ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಮಂಗಳೂರಿನ ಲೆಕ್ಕವೇ ಇಲ್ಲಿಗೂ ಹೊಂದುತ್ತದೆ ಎಂದಿಟ್ಟುಕೊಂಡರೆ ಜಿಲ್ಲೆಯಲ್ಲಿ ಸುಮಾರು 145 ಎಂ.ಎಸ್. ರೋಗಿಗಳಿರಬೇಕು. ಎರಡೂವರೆ ಲಕ್ಷ ದಾಟಿದ ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ತಲಾ ಇಪ್ಪತ್ತರ ಮೇಲೆ. ಇದು ಎಣಿಸಿದ ಸಂಖ್ಯೆಯಲ್ಲ, ಗುಣಾಕಾರವಷ್ಟೇ. ಕರಾವಳಿಗೂ ಬಯಲುಸೀಮೆಗೂ ವ್ಯತ್ಯಾಸ ಇರಬಹುದು. ಆದರೂ ಈ ಇಪ್ಪತ್ತು ಮಂದಿ ಎಲ್ಲಿದ್ದಾರೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅವರಲ್ಲಿ ಎಷ್ಟು ಮಂದಿಗೆ ತಮ್ಮ ಕಾಯಿಲೆಯ ಹೆಸರು ಗೊತ್ತು?

ಹೆಸರು ಗೊತ್ತಾದರೆ ಏನು ಬಂತು ಎನ್ನುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದು, ಬೇಗ ಹಿಡಿದರೆ ಮರುಕಳಿಸುವುದನ್ನು ಕಡಿಮೆ ಮಾಡುವ ಔಷಧಿಗಳು 1993ರಿಂದೀಚೆಗೆ ಒಂದೊಂದಾಗಿ ಬಂದಿವೆ. ಹೋದ ನರ ಮರಳದಿದ್ದರೂ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಎರಡನೆಯದು ಕಾನೂನಿನದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು. ಕಾಯ್ದೆಯ ಹೆಚ್ಚಿನ ಸವಲತ್ತುಗಳಿಗೆ ಶೇಕಡಾ 40ರಷ್ಟು ವೈಕಲ್ಯವಿದೆಯೆಂಬ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ರೋಗನಿರ್ಣಯ ಬೇಕು. ಕಾಯಿಲೆ ಇಳಿದಿರುವ ತಿಂಗಳಿನಲ್ಲಿ ಮಂಡಳಿಯ ಮುಂದೆ ನಡೆದುಕೊಂಡೇ ಹೋದ ರೋಗಿಯನ್ನು ‘ನಿನಗೇನಾಗಿದೆ’ ಎಂದು ಕೇಳಿದರೆ, ಆಕೆಯ ಪರವಾಗಿ ಮಾತಾಡಬೇಕಾದದ್ದು ವರ್ಷಾನುಗಟ್ಟಲೆಯ ದಾಖಲೆಯೇ.

ದಫ್ತರದ ಬಗ್ಗೆ ಇಷ್ಟು ಒಳ್ಳೆಯ ಮಾತಾಡಿದ ಮೇಲೆ ಅದರ ಭಯದ ಬಗ್ಗೆಯೂ ಹೇಳಲೇಬೇಕು. ಪಟ್ಟಿ ಎಂದರೆ ನಡುಗುವ ಜನ ನಮ್ಮ ನಡುವೆ ಇದ್ದಾರೆ, ಅವರ ನಡುಕಕ್ಕೆ ಕಾರಣಗಳಿವೆ. 2019ರ ಕೊನೆಯಲ್ಲಿ ಪೌರತ್ವದ ಪಟ್ಟಿಯ ಮಾತೆದ್ದಾಗ ಅಜ್ಜನ ಕಾಲದ ಕಾಗದ ಹುಡುಕಿ ಪೆಟ್ಟಿಗೆಗಳನ್ನು ಬುಡಮೇಲು ಮಾಡಿದ ಮನೆಗಳು ಎಷ್ಟೋ. ಅದರ ಬೆನ್ನಲ್ಲೇ 2020ರಲ್ಲಿ ಕೊರೋನ ಸಮೀಕ್ಷೆಗೆಂದು ಬಂದ ಆಶಾ ಕಾರ್ಯಕರ್ತೆಯರನ್ನು ಕೆಲವು ಕಡೆ ಜನ ಅನುಮಾನದಿಂದ ನೋಡಿದರು, ಅಡ್ಡಗಟ್ಟಿದರು. ಮನೆಬಾಗಿಲಿಗೆ ಬಂದ ಬಡ ಹೆಣ್ಣುಮಗಳ ಮೇಲೆ ತಿರುಗಿಬೀಳುವುದು ಎಂದೂ ಸರಿಯಲ್ಲ. ಆದರೆ ಹೆಸರು ಬರೆದುಕೊಳ್ಳುವವರ ಮೇಲಿನ ನಂಬಿಕೆ ಒಮ್ಮೆ ಹೋದರೆ ಔಷಧಿ ಕೊಡಲು ಬಂದವರ ಮೇಲೂ ಹೋಗುತ್ತದೆ ಎಂಬುದನ್ನು ಆಳುವವರು ತಿಳಿಯಬೇಕು. ಮದುವೆಯಾಗದ ಹೆಣ್ಣುಮಕ್ಕಳ ಕಾಯಿಲೆಯನ್ನು ಮುಚ್ಚಿಡುವ ತಾಯ್ತಂದೆಯರ ಭಯ ಇನ್ನೊಂದು. ಅದಕ್ಕೆ ಜಾತಿ ಧರ್ಮದ ಭೇದವಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣಕ್ಕೆ ಹೆಸರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ರೋಗಿಯ ಒಪ್ಪಿಗೆಯಿಲ್ಲದೆ ಹೆಸರು ಸೇರಬಾರದು, ಸೇರಿದ ಹೆಸರು ಬೇರೆ ಕಚೇರಿಗೆ ಹೋಗಬಾರದು, ಸಂಶೋಧಕನ ಕೈಗೆ ಸಂಖ್ಯೆ ಸಿಗಬೇಕೇ ಹೊರತು ವಿಳಾಸವಲ್ಲ. ಈ ಮೂರು ಷರತ್ತುಗಳು ಖಚಿತವಾದರೆ ಜನ ಬಾಗಿಲು ತೆರೆಯುತ್ತಾರೆ.

1929ರಲ್ಲಿ ಮಂಡ್ಯದಂಥ ಊರಿನಿಂದಲೇ ಹಳ್ಳಿಯ ಆರೋಗ್ಯದ ಲೆಕ್ಕ ಶುರು ಮಾಡಲು ಒಂದು ಸಂಸ್ಥಾನಕ್ಕೆ ಸಾಧ್ಯವಾಗಿತ್ತು. ಈಗ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಇನ್ನೊಂದಿದೆ, ಪ್ರತಿ ಹಳ್ಳಿಗೂ ಆಶಾ ಕಾರ್ಯಕರ್ತೆ ಇದ್ದಾರೆ. ಐವತ್ತು ದಾಟದವರಲ್ಲಿ ಯಾರಿಗಾದರೂ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾಗಿ ಮತ್ತೆ ತಿಳಿಯಾಗಿದೆಯೇ, ವಾರಗಟ್ಟಲೆ ಕಾಲು ಸೋತು ಮತ್ತೆ ಬಂದಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಅವರ ಪುಸ್ತಕಕ್ಕೆ ಸೇರಿಸಿದರೆ, ಹೌದೆಂದವರನ್ನು ಕಾಲೇಜಿನ ಆಸ್ಪತ್ರೆಗೆ ಕರೆಸಿ ನೋಡಿದರೆ, ಮಳವಳ್ಳಿಯ ಇಪ್ಪತ್ತು ಮಂದಿಯಲ್ಲಿ ಕೆಲವರಾದರೂ ಸಿಕ್ಕಾರು. ಮೊಹಲ್ಲಾದ ಮಸೀದಿಯವರು, ಹಳ್ಳಿಯ ಸಂಘದವರು ಹಿತ್ತಲ ಕೋಣೆಯ ಆ ಹೆಂಗಸನ್ನು ಬಸ್ಸು ಹತ್ತಿಸುವಷ್ಟು ನೆರವಾದರೂ ಆದೀತು. ಹಾಗೆ ಹೊರಡುವವರು ಹಳೆಯ ಚೀಟಿಗಳನ್ನು, ಒಂದನ್ನೂ ಬಿಸಾಡದೆ, ಜೊತೆಗೆ ಒಯ್ಯಲಿ.